ಸಪ್ಪೆ ಮಾತ್ರೆಯ ಮಾವ

ನನ್ನ ಸೋದರಮಾವ ಯಾವ ಕಾಯಿಲೆಯನ್ನೂ ಗುಣಪಡಿಸದ ಮಾತ್ರೆಗಳನ್ನು ತಯಾರಿಸುತ್ತಾನೆ. ಇದನ್ನು ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಪೊಲೀಸರಿಗೆ ತಿಳಿಸಬೇಕೇನೋ ಎಂಬಂತೆ ನನ್ನ ಮುಖ ನೋಡುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಅವನು ಕಳ್ಳನಲ್ಲ. ಒಂದು ದೊಡ್ಡ ಔಷಧ ಕಂಪನಿಯ ಕಾಯಂ ನೌಕರ. ಕತ್ತಿನಲ್ಲಿ ಫೋಟೋ ಇರುವ ಬಿಲ್ಲೆ ನೇತಾಡುತ್ತದೆ, ಫೋಟೋದಲ್ಲಿ ಮೀಸೆ ಕಪ್ಪಗಿದೆ.

ಆ ಕಂಪನಿ ಕ್ಯಾನ್ಸರಿಗೆ ಹೊಸ ಔಷಧಗಳನ್ನು ಕಂಡುಹಿಡಿಯುತ್ತದೆ. ಕಂಡುಹಿಡಿದದ್ದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡಲು ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಉಂಟು. ಅದರ ಜೊತೆಗೆ ಒಂದು ಗುಂಪಿಗೆ ಹೊಸ ಮಾತ್ರೆ, ಇನ್ನೊಂದು ಗುಂಪಿಗೆ ನೋಡಲು ಥೇಟ್ ಅದೇ ಥರ ಇರುವ, ಒಳಗೆ ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ನುಂಗುವವನಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಾದರೆ ಮನಸ್ಸು ತನ್ನ ಆಟ ಶುರು ಮಾಡುತ್ತದೆ, ಪರೀಕ್ಷೆ ಕೆಡುತ್ತದೆ. ಔಷಧವಿಲ್ಲದ ಆ ಮಾತ್ರೆಗೆ ಕಂಪನಿಯಲ್ಲಿ ಏನೋ ದೊಡ್ಡ ಹೆಸರಿದೆ. ನಮ್ಮ ಮನೆಯಲ್ಲಿ ಅದು ಸಪ್ಪೆ ಮಾತ್ರೆ, ಅದನ್ನು ಮಾಡುವವನು ಸಪ್ಪೆ ಮಾವ.

ಸಪ್ಪೆ ಎನ್ನುವುದು ನಾವಿಟ್ಟ ಹೆಸರಷ್ಟೇ. ಬಾಯಿಗೆ ಹಾಕಿಕೊಂಡರೆ ಅದು ಹಾಳು ಕಹಿ. ಅಸಲಿ ಮಾತ್ರೆ ಕಹಿಯಾಗಿದ್ದರೆ ಇದೂ ಅಷ್ಟೇ ಕಹಿಯಾಗಿರಬೇಕಲ್ಲ. ಅದು ಇಟ್ಟಿಗೆ ಬಣ್ಣವಾದರೆ ಇದೂ ಇಟ್ಟಿಗೆ ಬಣ್ಣ, ಅದೇ ಹೊಳಪು, ಅದೇ ತೂಕ, ಡಬ್ಬಿ ಅಲ್ಲಾಡಿಸಿದರೆ ಅದೇ ಸದ್ದು, ಮೂಗಿನ ಹತ್ತಿರ ಹಿಡಿದರೆ ತುಕ್ಕು ಹಿಡಿದ ಬೀಗದ ಅದೇ ವಾಸನೆ. ಅಸಲಿಯನ್ನು ಆರೋಗ್ಯವಂತರು ಸುಮ್ಮಸುಮ್ಮನೆ ನೆಕ್ಕಿ ನೋಡುವಂತಿಲ್ಲ, ಅದು ವಿಷದ ಜಾತಿ. ಅದರ ಕಹಿ ಅಳೆಯಲು ಒಂದು ಯಂತ್ರವಿದೆ. ಸಪ್ಪೆಯ ಕಹಿ ಅಳೆಯಲು ಮಾವ ಇದ್ದಾನೆ. ಯಂತ್ರದ ನಾಲಿಗೆಗೂ ಮಾವನ ನಾಲಿಗೆಗೂ ರಾಜಿಯಾಗುವವರೆಗೆ ಅವನು ನಮ್ಮ ಮನೆಗೆ ಬಂದಾಗಲೆಲ್ಲ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ಸಾಲದು ಎನ್ನುತ್ತಿದ್ದ.

ಕಾರ್ಖಾನೆಯ ಹಿಂಬದಿಯಲ್ಲಿ ಅವನದೊಂದು ಕೋಣೆ. ಮೂಲೆಗಳೇ ಇಲ್ಲದಂತೆ ಗೋಡೆಯನ್ನು ನೆಲಕ್ಕೆ ಬಾಗಿಸಿ ಕೂಡಿಸಿದ್ದಾರೆ, ಧೂಳು ಕೂರಬಾರದೆಂದು. ನಡುವೆ ಒಂದು ಸ್ಟೀಲ್ ಪೀಪಾಯಿ ನಿಧಾನವಾಗಿ ಉರುಳುತ್ತಿರುತ್ತದೆ. ಒಳಗೆ ಮಾತ್ರೆಗಳು ಒಂದರ ಮೇಲೊಂದು ಬಿದ್ದು ಎದ್ದು ಬಣ್ಣ ಮೆತ್ತಿಕೊಳ್ಳುತ್ತವೆ. ಮಾವ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಿ, ಮೀಸೆಗೂ ಒಂದು ಜಾಲರಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ. ಕೊನೆಗೆ ಒಂದು ಪರೀಕ್ಷೆ ಇದೆ. ಅಸಲಿಯನ್ನೂ ಸಪ್ಪೆಯನ್ನೂ ಗುಂಡಿಗಳಿರುವ ಒಂದು ತಟ್ಟೆಯಲ್ಲಿಟ್ಟು, ಆಫೀಸಿನಿಂದ ಕೆಲವರನ್ನು ಕರೆಸಿ, ಬೇರ್ಪಡಿಸಿ ನೋಡೋಣ ಎನ್ನುತ್ತಾರೆ. ಅವರು ಕೈಚೆಲ್ಲಿದರೆ ಮಾವ ಪಾಸು. ತಟ್ಟೆಯನ್ನು ಮುಂದಿಡುವ ಮೊದಲು ಅವನು ಕಣ್ಣು ಮುಚ್ಚಿಕೊಂಡು ಅದನ್ನು ಗರಗರನೆ ತಿರುಗಿಸಬೇಕು. ಇಟ್ಟವನ ಕಣ್ಣು ಅಪ್ಪಿತಪ್ಪಿ ಒಂದು ಕಡೆ ಹೊರಳಿದರೂ ನೋಡುವವರಿಗೆ ಸುಳಿವು ಸಿಕ್ಕಿಬಿಡುತ್ತದಂತೆ. ಯಾವುದು ಯಾವುದೆಂಬ ಗುರುತು ತಟ್ಟೆಯ ಬೆನ್ನಿಗೆ ಇರುತ್ತದೆ, ಎಲ್ಲ ಮುಗಿದ ಮೇಲೆ ಎತ್ತಿ ನೋಡಿದರಾಯಿತು. ಈ ಚಾಳಿ ಮಾವನ ಕೈಗೆ ಎಷ್ಟು ಅಂಟಿದೆಯೆಂದರೆ, ನಮ್ಮ ಮನೆಯ ಬಿಸ್ಕತ್ತಿನ ತಟ್ಟೆಯನ್ನೂ ಒಮ್ಮೆ ಗಿರ್ರನೆ ತಿರುಗಿಸಿಯೇ ಕೈ ಹಾಕುತ್ತಾನೆ.

ಇಂಥ ಕೆಲಸದವನ ಬುದ್ಧಿ ಮನೆಯಲ್ಲೂ ಅದೇ ದಾರಿ ಹಿಡಿಯುತ್ತದೆ. ಅಂಗಿಯ ಗುಂಡಿ ಕಳೆದರೆ, ಬಾಗಿಲಿನ ಬಣ್ಣ ಎದ್ದರೆ, ಚಹಾದ ಸೆಟ್ಟಿನಲ್ಲಿ ಒಂದು ಕಪ್ಪು ಒಡೆದರೆ ಅಮ್ಮ ತಮ್ಮನಿಗೆ ಹೇಳಿಕಳಿಸುತ್ತಾಳೆ. ಅವನು ಬಂದು ನೋಡಿ, 'ಹೂಂ' ಎಂದು ಹೋಗಿ, ಮುಂದಿನ ವಾರ ಹೊಸದೊಂದನ್ನು ತಂದು ಹಳೆಯದರ ಪಕ್ಕ ಇಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಯಾರಿಗೂ ಎಂದರೆ, ನನ್ನ ಅಪ್ಪನನ್ನು ಬಿಟ್ಟು.

ಅಪ್ಪನದು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸವಾಗಿತ್ತು. ದೇವರು ಒಂದೇ ಮನೆಗೆ ನಕಲಿ ಮಾಡುವವನನ್ನೂ ನಕಲಿ ಹಿಡಿಯುವವನನ್ನೂ ಕಳಿಸಿ ತಮಾಷೆ ನೋಡುತ್ತಿದ್ದಾನೆ ಎಂದು ಅಮ್ಮ ಹೇಳುವುದುಂಟು. ಅಪ್ಪ ನಿವೃತ್ತನಾಗಿ ವರ್ಷಗಳಾದರೂ ಟಿಕೆಟ್ಟಿಗೆ ತೂತು ಹೊಡೆಯುವ ಪಂಚು ಈಗಲೂ ಅಂಗಿಯ ಜೇಬಿನಲ್ಲೇ ಇರುತ್ತದೆ. ಜೇಬು ಜೋತುಬಿದ್ದು ಎಲ್ಲ ಅಂಗಿಗಳೂ ಎಡಕ್ಕೆ ವಾಲಿವೆ. "ನನ್ನ ಪಂಚು ಒಂದೇ ಒಂದು ನಕಲಿ ಟಿಕೆಟ್ ಮೇಲೂ ಬಿದ್ದಿಲ್ಲ" ಎನ್ನುವುದು ಅವನ ಬದುಕಿನ ಸಾರಾಂಶ. ಮಾವ ಬಾಗಿಲಿಗೆ ಬಣ್ಣದ ತೇಪೆ ಹಾಕಿ ಹೋದ ಮೇಲೆ ಅಪ್ಪ ಕುರ್ಚಿ ಎಳೆದುಕೊಂಡು ಬಾಗಿಲಿನ ಮುಂದೆ ಕೂರುತ್ತಿದ್ದ. ಚಹಾ ಆರುವುದರೊಳಗೆ ತೇಪೆಯ ಮೇಲೆ ಬೆರಳಿಟ್ಟು, "ಇಲ್ಲಿ" ಎನ್ನುತ್ತಿದ್ದ. ಮಾವ ಪೆಚ್ಚುಮೋರೆ ಹಾಕಿಕೊಂಡು ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದ. ಭಾವ ಬಾಮೈದರ ಪ್ರೀತಿ ಹೀಗೇ ನಡೆದಿತ್ತು.

ಆಮೇಲೆ ಅಪ್ಪನ ಒಂದು ಮೂತ್ರಪಿಂಡದಲ್ಲಿ ಕ್ಯಾನ್ಸರ್ ಬಂತು. ಅದನ್ನು ತೆಗೆದುಹಾಕಿದರು. ಕಾಯಿಲೆ ಮತ್ತೆ ಬರದ ಹಾಗೆ ಮಾಮೂಲಿ ಚಿಕಿತ್ಸೆ ಶುರುವಾಯಿತು. ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು, ಒಂದು ಹೊಸ ಮಾತ್ರೆಯ ಪ್ರಯೋಗ ನಡೆಯುತ್ತಿದೆ, ಇಷ್ಟವಿದ್ದರೆ ಸೇರಬಹುದು, ಔಷಧ ಸಿಕ್ಕರೂ ಸಿಗಬಹುದು, ಇಲ್ಲದಿದ್ದರೂ ಇಲ್ಲ, ನಾಣ್ಯ ಚಿಮ್ಮಿದ ಹಾಗೆ ಎಂದರು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ನಾಣ್ಯ ಚಿಮ್ಮುವ ಲೆಕ್ಕವನ್ನು ಎಷ್ಟೋ ಮಕ್ಕಳಿಗೆ ನಗುನಗುತ್ತಾ ಹೇಳಿಕೊಟ್ಟಿದ್ದೇನೆ. ಚಿಮ್ಮಿದ ನಾಣ್ಯದ ಕೆಳಗೆ ನನ್ನ ಅಪ್ಪ ನಿಂತಾಗ ಆ ಲೆಕ್ಕ ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಅಪ್ಪ ಸಹಿ ಹಾಕಿದ. ಪ್ರಯೋಗದಲ್ಲಿರುವವರು ಸದಾ ಜೊತೆಗಿಟ್ಟುಕೊಳ್ಳಬೇಕಾದ ಒಂದು ಕಾರ್ಡು ಕೊಟ್ಟರು, ದಪ್ಪ ಕಾಗದದ್ದು, ಟಿಕೆಟ್ಟಿನಷ್ಟೇ ಅಗಲ. ಅಪ್ಪ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಎರಡೂ ಬದಿ ನೋಡಿ, "ಅಚ್ಚು ಚೆನ್ನಾಗಿದೆ" ಎಂದು ಪಂಚಿನ ಜೊತೆಗೆ ಜೇಬಿಗಿಳಿಸಿದ. ಮನೆಗೆ ಬಂದು ಮಾತ್ರೆಯ ಡಬ್ಬಿ ತಿರುಗಿಸಿ ನೋಡಿದರೆ ಕೆಳಗೆ ಮಾವನ ಕಂಪನಿಯ ಹೆಸರು.

ಆ ಭಾನುವಾರ ಮಾವ ಬಂದಾಗ ಡಬ್ಬಿ ಮೇಜಿನ ಮೇಲೆ ಕಾಯುತ್ತಿತ್ತು. "ಲೇ ಬಾಮೈದ, ಇದು ನಿಮ್ಮ ಕಂಪನಿ ಮಾಲು" ಎಂದ ಅಪ್ಪ.

ಮಾವ ಅದನ್ನು ಮುಟ್ಟಲಿಲ್ಲ. "ಹೌದು ಭಾವ."

"ನೀನು ಮಾಡಿದ್ದಾ, ಅಸಲಿ ಮಾಡೋರು ಮಾಡಿದ್ದಾ?"

"ಗೊತ್ತಿಲ್ಲ."

"ನೀನೇ ಹೆತ್ತ ಮಗು ನಿಂಗೆ ಗುರುತು ಸಿಗಲ್ವಾ?"

"ಗುರುತು ಸಿಗಬಾರದು ಅಂತಾನೇ ಹೆತ್ತಿದ್ದು ಭಾವ. ಸಿಕ್ಕಿದ್ರೆ ನಾನು ಕೆಲಸಕ್ಕೆ ಬಾರದೋನು ಅಂತ ಅರ್ಥ."

ಅಪ್ಪ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದ. ಟಿಕೆಟ್ ಇಲ್ಲದವರು ಕಿಟಕಿಯ ಆಚೆ ನೋಡುತ್ತಾರಂತೆ, ಅದು ಅಪ್ಪನ ಅನುಭವ. ಮಾವ ಕಿಟಕಿ ನೋಡಲಿಲ್ಲ, ನೇರವಾಗಿ ಡಬ್ಬಿಯನ್ನೇ ನೋಡುತ್ತಿದ್ದ, ಮತ್ತು ಅವನ ಮುಖ ಬಿಳಿಚಿಕೊಂಡಿತ್ತು. "ಹಂಗಾದ್ರೆ ಕೇಳು" ಎಂದ ಅಪ್ಪ. "ಇದು ಸಪ್ಪೆ ಅಂತ ನಂಗೆ ಗೊತ್ತಾದ ದಿನ ನುಂಗೋದು ನಿಲ್ಲಿಸ್ತೀನಿ. ಪ್ರಯೋಗದಿಂದ ಹೆಸರು ಹೊಡೆಸಿ ಮನೇಲಿ ಕೂರ್ತೀನಿ. ಸುಮ್ನೆ ಕಹಿ ತಿನ್ನೋಕೆ ನಂಗೇನು ಹುಚ್ಚಾ?"

ಅಮ್ಮ ತಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ನಾನೂ ಲೋಟ ತೊಳೆಯುವ ನೆಪ ಮಾಡಿಕೊಂಡು ಹೋದೆ. "ಅಸಲಿ ಅಂತ ಒಂದು ಮಾತು ಹೇಳಿಬಿಡೋ" ಎಂದಳು ಅಮ್ಮ. "ನಿನ್ನ ಗಂಟೇನು ಹೋಗುತ್ತೆ? ಅವರು ನೆಮ್ಮದಿಯಾಗಿ ನುಂಗ್ತಾರೆ."

"ಅಕ್ಕ, ಬೇರೆ ಏನು ಸುಳ್ಳು ಬೇಕಾದ್ರೂ ಹೇಳಿಸು. ಮಾತ್ರೆ ವಿಷಯದಲ್ಲಿ ನಂಗೆ ಬಾಯಿ ಬರಲ್ಲ. ನಿಜವಾಗ್ಲೂ ನಂಗೆ ಗೊತ್ತಿಲ್ಲ."

"ದಿನವಿಡೀ ಸುಳ್ಳು ಮಾತ್ರೆ ಮಾಡ್ತೀಯ, ಒಂದು ಸುಳ್ಳು ಹೇಳೋಕಾಗಲ್ವಾ?"

ಮಾವ ಒದ್ದೆ ಲೋಟಗಳನ್ನು ಒರೆಸಿಟ್ಟ, ಎಲ್ಲವುಗಳ ಹೂವಿನ ಚಿತ್ರ ಒಂದೇ ಕಡೆಗೆ ಬರುವ ಹಾಗೆ.

ಅದಾದ ಮೇಲೆ ಅವನು ಬಂದಾಗಲೆಲ್ಲ ಮೈಯಿಂದ ಕಿತ್ತಳೆಯ ಘಮ ಬರತೊಡಗಿತು. ಅಮ್ಮ ಮೂಗರಳಿಸಿ, ಈ ವಯಸ್ಸಿನಲ್ಲಿ ಸೆಂಟೇನೋ ಎಂದು ಕಾಲೆಳೆದಳು. ಕೇಳಿ ಕೇಳಿ ತಲೆ ತಿಂದ ಮೇಲೆ ಬಾಯಿಬಿಟ್ಟ. ಭಾವ ಪ್ರಯೋಗಕ್ಕೆ ಸೇರಿದ್ದಾರೆಂದು ಮಾರನೆಯ ದಿನವೇ ಅವನಾಗಿ ಮೇಲಿನವರಿಗೆ ತಿಳಿಸಿದ್ದನಂತೆ. ಮನೆಯವರು ಪ್ರಯೋಗದಲ್ಲಿದ್ದರೆ ಆ ಮಾತ್ರೆಯ ಹತ್ತಿರವೂ ಸುಳಿಯುವಂತಿಲ್ಲ. ಅವನ ಕೋಣೆಯನ್ನು ಇನ್ನೊಬ್ಬರಿಗೆ ಕೊಟ್ಟು, ಇವನನ್ನು ಕಿತ್ತಳೆ ಘಮದ ಕೆಮ್ಮಿನ ಸಿರಪ್ಪಿನ ಬಾಟಲಿಗಳಿಗೆ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಲು ಹಾಕಿದ್ದರು. ಸಪ್ಪೆ ಮಾತ್ರೆಯ ಪಾಕ ಇವನದು, ಕೈ ಈಗ ಬೇರೆಯವರದು. "ಸಿರಪ್ಪೂ ಒಳ್ಳೇ ಕೆಲಸಾನೇ" ಎಂದು ಮಾವ ಹೇಳಿದ ಧಾಟಿಯಲ್ಲೇ ಅದು ಎಂಥ ಕೆಲಸವೆಂದು ಗೊತ್ತಾಯಿತು. ಭಾವನಿಗೆ ಹೇಳಬೇಡಿ ಎಂದ. ಅಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಪ್ಪನಿಗೆ ಊಟದ ಹೊತ್ತಿಗೇ ಗೊತ್ತಾಯಿತು. ಅಪ್ಪ ಎರಡನೇ ಸಲ ಸಾರು ಬಡಿಸಿಕೊಂಡ.

ಇತ್ತ ಅಪ್ಪನ ತನಿಖೆ ಶುರುವಾಗಿತ್ತು. ಒಂದು ದಿನ ಅಂಗೈ ಕಡಿತ ಬಂದರೆ, "ಅಸಲಿ ಕಣೇ, ಮೈಗೆ ಹತ್ತುತ್ತಾ ಇದೆ" ಎಂದು ಹಾಡು ಗುನುಗುತ್ತಿದ್ದ. ಮರುದಿನ ಕಡಿತ ಹೋದರೆ, "ಸಪ್ಪೆ, ನಿನ್ನ ತಮ್ಮ ಚಳ್ಳೆಹಣ್ಣು ತಿನ್ನಿಸ್ತಿದಾನೆ" ಎಂದು ಮುಖ ಗಂಟಿಕ್ಕುತ್ತಿದ್ದ. ಅವನ ಮುಖ ನೋಡಿ ಅಮ್ಮ ಅಡುಗೆಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು. ಒಮ್ಮೆ ಹಳೆಯ ಡಬ್ಬಿಯ ಮಾತ್ರೆಯನ್ನೂ ಹೊಸ ಡಬ್ಬಿಯ ಮಾತ್ರೆಯನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದು ಕೂತಿದ್ದ. ಎರಡೂ ನಿನ್ನ ಡಬ್ಬಿಯವೇ ಅಪ್ಪ, ಅಸಲಿಯಾದರೆ ಎರಡೂ ಅಸಲಿ, ಸಪ್ಪೆಯಾದರೆ ಎರಡೂ ಸಪ್ಪೆ, ಹೋಲಿಸಿ ಏನು ಸಿಗುತ್ತದೆ ಎಂದು ಕೇಳಿದೆ. ಅಪ್ಪ ಭೂತಗನ್ನಡಿ ಕೆಳಗಿಟ್ಟ. "ಹೌದಲ್ಲ. ಬೇರೆಯೋರದ್ದು ಬೇಕು."

ನಾನು ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ ಮಾತು ಆಗಲೇ ಅಪ್ಪನ ತಲೆಯೊಳಗೆ ಮನೆ ಮಾಡಿತ್ತು.

ಬೇರೆಯವರು ಆಸ್ಪತ್ರೆಯ ಕಾರಿಡಾರಿನಲ್ಲೇ ಸಿಕ್ಕರು. ಅವರೊಬ್ಬ ಹೆಂಗಸು, ನಿವೃತ್ತ ಡ್ರಾಯಿಂಗ್ ಟೀಚರ್, ಅಪ್ಪನ ಹಾಗೇ ಒಂದು ಮೂತ್ರಪಿಂಡದವರು, ಅದೇ ಪ್ರಯೋಗದ ಅದೇ ಕಾರ್ಡು. ಸರದಿಗಾಗಿ ಕಾಯುವಾಗ ಎದುರು ಕೂತವರ ಚಪ್ಪಲಿಗಳ ಚಿತ್ರ ಬರೆಯುತ್ತಿದ್ದರು. ಅಪ್ಪ ತನ್ನ ಸಂಶಯ ಹೇಳಿಕೊಂಡಾಗ ಅವರ ಕಣ್ಣು ಮಿನುಗಿತು. "ಕೆಂಪಿನಲ್ಲಿ ಎಷ್ಟು ಕೆಂಪು ಇದೆ ಅಂತ ನನ್ನ ಕೇಳಿ" ಎಂದರು. "ಎರಡು ಇಟ್ಟಿಗೆ ಬಣ್ಣ ಪಕ್ಕಪಕ್ಕ ಇಡಿ, ಬೇರೆ ಬೇರೆ ಕೈ ಕಲೆಸಿದ್ದಾದ್ರೆ ಹೇಳಿಬಿಡ್ತೀನಿ." ಇಬ್ಬರೂ ವಯಸ್ಸಾದವರು, ಇಬ್ಬರಿಗೂ ಸಾವಿನ ಭಯ, ಇಬ್ಬರೂ ಶಾಲೆಗೆ ಚಕ್ಕರ್ ಹೊಡೆಯುವ ಮಕ್ಕಳ ಹಾಗೆ ಪಿಸಪಿಸ ಮಾತಾಡಿಕೊಂಡು ದಿನ ಗೊತ್ತುಮಾಡಿಕೊಂಡರು.

ಭಾನುವಾರ ಟೀಚರ್ ಒಂದು ಮಾತ್ರೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಬಂದರು. ಅಪ್ಪ ಅಂದು ನುಂಗಬೇಕಾದ ತನ್ನ ಮಾತ್ರೆ ತೆಗೆದ. ಅಮ್ಮನ ಒಳ್ಳೆಯ ಸ್ಟೀಲ್ ತಟ್ಟೆಯಲ್ಲಿ ಎಡಕ್ಕೆ ಅಪ್ಪನದು, ಬಲಕ್ಕೆ ಟೀಚರದು. ಅಷ್ಟರಲ್ಲಿ ಚಹಾಕ್ಕೆಂದು ಮಾವ ಬಂದ. ತಟ್ಟೆ ನೋಡಿದವನೇ ಬಾಗಿಲಲ್ಲೇ ನಿಂತ. "ಯಾರಾದ್ರೂ ಕೈಯಲ್ಲಿ ಮುಟ್ಟಿದ್ರಾ? ಅಸಲಿ ಆಗಿದ್ರೆ ಅದು ಮುಟ್ಟೋ ವಸ್ತು ಅಲ್ಲ. ಅಕ್ಕ, ಈ ತಟ್ಟೆ ಇನ್ಮೇಲೆ ಊಟಕ್ಕಿಲ್ಲ" ಎಂದು ಚೀಲದಿಂದ ಕೈಗವಸು ತೆಗೆದು ಹಾಕಿಕೊಂಡ. ಅಮ್ಮ ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಟ್ಟಳು.

"ಬಂದಿದ್ದೇ ಆಯ್ತು, ನೀನೂ ಒಂದು ಸಲ ನೋಡು" ಎಂದ ಅಪ್ಪ.

"ನಾನು ನೋಡಬಾರದು ಭಾವ. ನೀವೂ ನೋಡಬಾರದು." ಹಾಗೆನ್ನುತ್ತಲೇ ಮಾವ ತಟ್ಟೆಯನ್ನು ಕಿಟಕಿಯ ಹತ್ತಿರಕ್ಕೆ, ಬೆಳಕಿಗೆ ಎಳೆದುಕೊಂಡಿದ್ದ. ಎಷ್ಟೋ ವಾರಗಳಿಂದ ಬರೀ ಬಾಟಲಿಯ ಮುಚ್ಚಳ ನೋಡಿದ ಕಣ್ಣು ಅದು, ಪಾಪ. ಮಾತ್ರೆಗಳ ಮೇಲೆ ಬಗ್ಗಿದವನ ಮುಖ ಅರಳಿತು. ಹೊಳಪು ನೋಡಿದ, ಅಂಚು ನೋಡಿದ, ಮೂಸಿದ. ಆಮೇಲೆ ನಾವೆಲ್ಲ ನೋಡುತ್ತಿದ್ದಂತೆಯೇ ಅವನ ಕೈ ತನ್ನ ಪಾಡಿಗೆ ತಟ್ಟೆಯನ್ನು ಹಿಡಿಯಿತು, ಕಣ್ಣು ತಾವಾಗಿ ಮುಚ್ಚಿಕೊಂಡವು. ತಟ್ಟೆ ಗರಗರನೆ ತಿರುಗಿತು. ಎರಡು ಮಾತ್ರೆಗಳೂ ತಟ್ಟೆಯ ಅಂಚು ಹಿಡಿದು ಒಂದರ ಹಿಂದೊಂದು ಓಡಿ, ಡಿಕ್ಕಿ ಹೊಡೆದು, ನಡುವೆ ಬಂದು ನಿಂತವು.

"ಈಗ ಹೇಳಿ" ಎಂದ ಮಾವ ಕಣ್ಣು ತೆರೆದು, ಹೆಮ್ಮೆಯಿಂದ.

ಟೀಚರ್ ಕನ್ನಡಕ ತೆಗೆದರು, ಹಾಕಿದರು, ತಟ್ಟೆಯ ಈ ಕಡೆಯಿಂದ ಆ ಕಡೆಗೆ ಹೋದರು. ಇದು ಚೂರು ಕಂದು ಎಂದರು, ಅಲ್ಲ ಅದು ಎಂದರು, ಕೊನೆಗೆ ಎರಡೂ ಒಂದೇ ಕುಂಚದ್ದು ಎಂದು ಸೋತು ಕೂತರು. ಅಪ್ಪ ಭೂತಗನ್ನಡಿ ಹಿಡಿದ. ಚಹಾ ಆರಿತು. ಅಪ್ಪನ ಬೆರಳು ಮೇಲೆದ್ದು ಗಾಳಿಯಲ್ಲೇ ನಿಂತಿತು, 'ಇಲ್ಲಿ' ಎನ್ನಲು ಜಾಗ ಸಿಗಲಿಲ್ಲ. ಮಾವ ಬೀಗುತ್ತಿದ್ದ.

"ಆಯ್ತು, ಸೋತೆ" ಎಂದ ಅಪ್ಪ. "ನನ್ನದು ಯಾವುದು ಕೊಡು, ನುಂಗೋ ಹೊತ್ತಾಯ್ತು."

ಮಾವ ತಟ್ಟೆಯನ್ನು ಮೇಲೆತ್ತಿ ಬೆನ್ನು ನೋಡಿದ, ಗುರುತು ಇರುತ್ತದಲ್ಲ. ಅಲ್ಲಿ ಪಾತ್ರೆ ಅಂಗಡಿಯ ಚೀಟಿ ಮಾತ್ರ ಅಂಟಿಕೊಂಡಿತ್ತು. ಅವನ ಮುಖದ ನಗು ಅಲ್ಲೇ ಒಣಗಿತು. ನಾನು ಅಪ್ಪನನ್ನು ನೋಡಿದೆ, ಅಪ್ಪ ಟೀಚರನ್ನು ನೋಡಿದ, ಟೀಚರ್ ಮಾತ್ರೆಗಳನ್ನು ನೋಡಿದರು. ಯಾರದು ಯಾವುದು ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಅಮ್ಮನಿಗೂ. ಟೀಚರಂತೂ ಸೆರಗು ಬಾಯಿಗೆ ಹಿಡಿದು ಕೆಮ್ಮುವವರೆಗೆ ನಕ್ಕರು. ಅಪ್ಪ, "ಹೋಗಲಿ, ಆಳಿಗೊಂದು ನುಂಗಿಬಿಡೋಣ, ಹಣೇಲಿ ಬರೆದಿದ್ದು ಹೊಟ್ಟೆಗೆ ಹೋಗುತ್ತೆ" ಎಂದು ಕೈ ಚಾಚಿದ. ಮಾವ ಆ ಕೈಯನ್ನು ತಡೆದ. ಅವನು ಭಾವನ ಕೈ ತಡೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಇದನ್ನ ಯಾರೂ ನುಂಗೋ ಹಾಗಿಲ್ಲ. ನಾಳೆ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗಿ, ನಡೆದಿದ್ದು ನಡೆದ ಹಾಗೆ ಹೇಳ್ತೀರಾ. ನಾನೂ ಬರ್ತೀನಿ, ತಟ್ಟೆ ತಿರುಗಿಸಿದ್ದು ನಾನು."

"ಹೇಳಿದ್ರೆ ಹೆಸರು ಹೊಡೆದುಹಾಕ್ತಾರೆ" ಎಂದ ಅಪ್ಪ.

"ಹೊಡೆಸ್ತೀನಿ ಅಂತ ನೀವೇ ದಿನಾ ಹೇಳ್ತಿದ್ರಲ್ಲ ಭಾವ."

ಅಪ್ಪ ಜೇಬಿನಿಂದ ಕಾರ್ಡು ತೆಗೆದು, ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಹೇಳ್ತಿದ್ದೆ" ಎಂದ. "ಹೆದರಿಕೆ ಆದಾಗ ಹಂಗೆ ಹೇಳ್ತೀನಿ. ನಂಗೆ ಬದುಕಬೇಕು ಕಣೋ. ಅದು ಅಸಲಿ ಆಗಿದ್ರೂ ಆಗಿರಬಹುದು ಅಂತಾನೇ ದಿನಾ ನುಂಗ್ತಿದ್ದೆ. ಹೆಸರು ತೆಗೆದ್ರೆ ಅದೂ ಇರಲ್ಲ."

ನಗುತ್ತಿದ್ದ ಅಮ್ಮ ಹಾಗೇ ಅಳತೊಡಗಿದಳು. ನನಗೆ ಅಪ್ಪನ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಏನು ಮಾಡಬೇಕೆಂದು ತಿಳಿಯದೆ, ಆರಿದ ಚಹಾಗಳನ್ನೆಲ್ಲ ಎತ್ತಿಕೊಂಡು ಹೋಗಿ ಬಿಸಿ ಮಾಡಿಕೊಂಡು ಬಂದೆ.

ಮರುದಿನ ಆಸ್ಪತ್ರೆಯಲ್ಲಿ ಮಂಗಳಾರತಿ ಚೆನ್ನಾಗಿಯೇ ಆಯಿತು. ಡಾಕ್ಟರಮ್ಮ, ಇಷ್ಟು ವಯಸ್ಸಾದ ಮೇಲೂ ಹೀಗಾ ಎಂದು ಇಬ್ಬರ ಕಿವಿಯನ್ನೂ ಮಾತಿನಲ್ಲೇ ಹಿಂಡಿದರು. ಮಾವ, ತಪ್ಪು ನನ್ನ ಕೈಯದು ಎಂದು ಮೂರ್ನಾಲ್ಕು ಸಲ ಹೇಳಿದ. ಆ ಎರಡು ಮಾತ್ರೆಗಳನ್ನು ವಾಪಸು ಪಡೆದು, ಒಂದು ದಿನ ತಪ್ಪಿದೆ ಎಂದು ಬರೆದುಕೊಂಡು, ಇನ್ನೊಮ್ಮೆ ಹೀಗಾದರೆ ಉಳಿಸುವುದಿಲ್ಲ ಎಂದು ಎಚ್ಚರಿಸಿ ಕಳಿಸಿದರು. ಅಂದಿನಿಂದ ಅಪ್ಪ ಭೂತಗನ್ನಡಿಯನ್ನು ಬೀರುವಿನೊಳಗಿಟ್ಟ. ಬೆಳಿಗ್ಗೆ ಎದ್ದು ಮಾತ್ರೆ ನುಂಗಿ, ಕಹಿಗೆ ಮುಖ ಹಿಂಡಿ, "ಯಾರು ಮಾಡಿದ್ದೋ, ಕೈ ಚೆನ್ನಾಗಿದೆ" ಎನ್ನುತ್ತಿದ್ದ.

ಪ್ರಯೋಗ ಮುಗಿಯುವ ಹೊತ್ತಿಗೆ ಮಾವನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಡಾಕ್ಟರಮ್ಮ ಅಪ್ಪನನ್ನೂ ಟೀಚರನ್ನೂ ಒಟ್ಟಿಗೇ ಕರೆಸಿದರು. ಹೊಸ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಮತ್ತೆ ಕಾಣಿಸಿಕೊಳ್ಳುವುದು ತುಂಬಾ ಕಡಿಮೆಯಾಗಿದೆ, ಔಷಧ ಗೆದ್ದಿದೆ ಎಂದರು. ಆಮೇಲೆ ದನಿ ತಗ್ಗಿಸಿ, "ನೀವಿಬ್ರೂ ಔಷಧ ಇಲ್ಲದ ಗುಂಪು" ಎಂದರು. ಅಪ್ಪನಿಗೆ ಇನ್ನೂ ಒಂದು ಮಾತಿತ್ತು. ಈ ಸಲದ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಒಂದು ಸಣ್ಣ ಚುಕ್ಕೆ ಕಂಡಿದೆ. ಸಪ್ಪೆ ನುಂಗಿದವರಿಗೆಲ್ಲ ಇನ್ನು ಮುಂದೆ ಅಸಲಿಯನ್ನೇ ಕೊಡುತ್ತಾರೆ, ಇವತ್ತೇ ಶುರು ಮಾಡೋಣ ಎಂದರು.

ಮೊದಲು ಮಾತಾಡಿದ್ದು ಟೀಚರ್. "ಅಂದ್ರೆ ಆವತ್ತು ತಟ್ಟೆಯಲ್ಲಿದ್ದಿದ್ದು ಎರಡೂ ಒಂದೇ. ನಾನು ಒಂದೇ ಕುಂಚದ್ದು ಅಂದಿದ್ದೆ."

"ಎರಡು ನಕಲಿ ಪಕ್ಕಪಕ್ಕ ಇಟ್ಕೊಂಡು ಅಸಲಿ ಯಾವುದು ಅಂತ ಹುಡುಕಿದ್ವಿ" ಎಂದ ಅಪ್ಪ. "ಡ್ಯೂಟಿಯಲ್ಲಿ ಹಿಂಗೆ ಮಾಡಿದ್ರೆ ನನ್ನ ಸಸ್ಪೆಂಡ್ ಮಾಡ್ತಿದ್ರು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಕಂಪನಿಯ ಮೇಲೆ ಎನ್ನೋಣವೆಂದರೆ ಆ ಔಷಧ ಕಂಡುಹಿಡಿದವರೂ ಅವರೇ. ಡಾಕ್ಟರಮ್ಮನ ಮೇಲೆ ಎನ್ನೋಣವೆಂದರೆ ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಆ ಸಿಟ್ಟು ನಾಣ್ಯದ ಮೇಲೆ ಹೋಯಿತು. ಅದಕ್ಕೆ ಕಿವಿ ಇರುವುದಿಲ್ಲ, ಬೈದರೂ ಪ್ರಯೋಜನವಿಲ್ಲ.

ಅಮ್ಮ ಫೋನಿನಲ್ಲಿ ತಮ್ಮನಿಗೆ ಎಲ್ಲ ಹೇಳಿದಳು. ಅದಾದ ಮೇಲೆ ಮಾವ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಕರೆದರೆ ಓವರ್‌ಟೈಮ್ ಎನ್ನುತ್ತಿದ್ದ. ಭಾನುವಾರ ಯಾವ ಕೆಮ್ಮಿಗೋ ಓವರ್‌ಟೈಮ್ ಎಂದು ಅಮ್ಮ ರೇಗಿದಳು, ಆಮೇಲೆ ಕಣ್ಣೊರೆಸಿಕೊಂಡಳು. ಅಕ್ಕನ ಗಂಡನಿಗೆ ಇಷ್ಟು ದಿನ ನಾನು ಸಪ್ಪೆ ತಿನ್ನಿಸಿದೆ, ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಅವನು ಅಂದುಕೊಳ್ಳುತ್ತಿದ್ದಾನೆಂದು ನಮಗೆ ಯಾರೂ ಹೇಳಬೇಕಿರಲಿಲ್ಲ. ಬಿಸ್ಕತ್ತಿನ ತಟ್ಟೆ ಯಾರೂ ತಿರುಗಿಸದೆ ಮೇಜಿನ ಮೇಲೆ ಸುಮ್ಮನೆ ಕೂತಿರುತ್ತಿತ್ತು.

ಅಸಲಿ ಮಾತ್ರೆ ಅಪ್ಪನಿಗೆ ನಿಜವಾದ ಕಾಟ ಕೊಟ್ಟಿತು. ಬಾಯಿ ಹುಣ್ಣಾಯಿತು, ಅಂಗಾಲು ಸುಲಿಯಿತು. ಅಪ್ಪ ನುಂಗುವುದನ್ನು ಬಿಡಲಿಲ್ಲ. ಮುಂದಿನ ಸ್ಕ್ಯಾನಿನ ದಿನ ಡಾಕ್ಟರಮ್ಮ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಚುಕ್ಕೆ ಚಿಕ್ಕದಾಗಿತ್ತು. ಅಪ್ಪ ಬಗ್ಗಿ ನೋಡಿ, ಬೆರಳಿಟ್ಟು, "ಇಲ್ಲಿ" ಎಂದ.

ಆಸ್ಪತ್ರೆಯಿಂದ ಹೊರಬಂದವನು ಮನೆಯ ಬಸ್ಸು ಬಂದರೂ ಹತ್ತಲಿಲ್ಲ. "ಕಾರ್ಖಾನೆಗೆ ನಡಿ" ಎಂದ.

ನಾವು ಹೋಗುವ ಹೊತ್ತಿಗೆ ಪಾಳಿ ಬಿಡುವ ಸೈರನ್ ಆಗುತ್ತಿತ್ತು. ಗೇಟಿನಿಂದ ಜನ ಸಾಲುಗಟ್ಟಿ ಬರುತ್ತಿದ್ದರು. ಅಪ್ಪ ಗೇಟಿನ ಒಂದು ಪಕ್ಕಕ್ಕೆ, ರೈಲ್ವೆ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದ ಹಾಗೆ, ಕಾಲು ಅಗಲಿಸಿ ನಿಂತ. ಅಂಗಾಲಿನ ನೋವಿಗೆ ನಡುನಡುವೆ ತುಟಿ ಕಚ್ಚುತ್ತಿದ್ದ. ಕಿತ್ತಳೆಯ ಘಮ ಮೊದಲು ಬಂತು, ಹಿಂದೆಯೇ ಮಾವ ತಲೆ ತಗ್ಗಿಸಿಕೊಂಡು ಬಂದ.

"ನಿಲ್ಲು" ಎಂದ ಅಪ್ಪ.

ಮಾವ ತಲೆಯೆತ್ತಿದ. ಸಹೋದ್ಯೋಗಿಗಳು ಆಚೀಚೆ ಸರಿದು ಹೋಗುತ್ತಿದ್ದರು. ಅಪ್ಪ ಜೇಬಿನಿಂದ ಪ್ರಯೋಗದ ಆ ಹಳೆಯ ಕಾರ್ಡನ್ನು ತೆಗೆದು ಮುಂದೆ ಹಿಡಿದ. ಇಷ್ಟು ದಿನ ಜೇಬಿನಲ್ಲಿದ್ದು ಅದರ ಮೂಲೆಗಳು ಮೆತ್ತಗಾಗಿದ್ದವು.

"ಇಷ್ಟು ದಿನ ನಾನು ನುಂಗಿದ್ದು ನಿನ್ನ ಕೆಲಸಾನಾ?"

"ಹೌದು ಭಾವ, ಪಾಕ ನಂದೇ" ಎಂದ ಮಾವ. "ನಂಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ…"

"ಗೊತ್ತಿದ್ದಿದ್ರೆ ನೀನು ಕೆಲಸಕ್ಕೆ ಬಾರದೋನು. ನೀನೇ ಹೇಳಿದ್ದು." ಅಪ್ಪ ಇನ್ನೊಂದು ಕೈಯಿಂದ ಪಂಚು ತೆಗೆದ. "ಅಸಲಿ ಗೆದ್ದಿತು ಅಂತ ಡಾಕ್ಟರಮ್ಮಂಗೆ ಹೆಂಗೆ ಗೊತ್ತಾಯ್ತು? ಪಕ್ಕದಲ್ಲಿ ನಿಂದು ನಿಂತಿತ್ತು, ಅದಕ್ಕೆ. ನಾನು ಜೀವಮಾನ ಎಲ್ಲಾ ನಕಲಿ ಹಿಡಿದೋನು. ನಿಂದನ್ನ ದಿನಾ ಬಾಯಿಗೆ ಹಾಕ್ಕೊಂಡೆ, ಹಿಡಿಯೋಕಾಗಲಿಲ್ಲ."

ಕಾರ್ಡನ್ನು ಪಂಚಿನ ಬಾಯಿಗೆ ಕೊಟ್ಟು ಒತ್ತಿದ. ಟಕ್ಕೆಂದಿತು. ಬಿಳಿಯ ಒಂದು ಚೂರು ಮಾವನ ಚಪ್ಪಲಿಯ ಮೇಲೆ ಬಿತ್ತು.

"ನನ್ನ ಕೈಲಿ ಪಾಸಾದ ನಕಲಿ ಇದೊಂದೇ. ಇಟ್ಕೋ" ಎಂದ. "ಚುಕ್ಕೆ ಸಣ್ಣದಾಗಿದೆ. ಭಾನುವಾರ ಬರ್ತೀಯ."

ಮಾವ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ತೂತನ್ನು ನೋಡಿದ, ಬೆರಳಿನಿಂದ ಮುಟ್ಟಿದ, ಆಮೇಲೆ ಕಾರ್ಖಾನೆಯ ಗೇಟಿನ ಮುಂದೆ, ಎಲ್ಲರೆದುರೇ, ಅಪ್ಪನ ಹೆಗಲಿಗೆ ಮುಖ ಒತ್ತಿ ಅತ್ತ. ಅಪ್ಪ ಅವನ ಬೆನ್ನು ತಟ್ಟುತ್ತಾ, ಮೈಯೆಲ್ಲ ಕಿತ್ತಳೆ ವಾಸನೆ, ನಿನ್ನ ಕೋಣೆ ಯಾವಾಗ ವಾಪಸ್ ಕೊಡ್ತಾರಂತೆ ಎಂದು ಕೇಳುತ್ತಿದ್ದ. ಅವನ ಕಣ್ಣೂ ಹರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಬಸ್ಸು ಬಂತು. ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು, ಆವತ್ತು ತಟ್ಟೆಯ ಮೇಲಿದ್ದ ಮಾತ್ರೆಗಳ ಬಗ್ಗೆ ಜಗಳ ಶುರು ಮಾಡಿದರು. ಕಂಡಕ್ಟರ್ ಎದುರಿಗೇ ಬಂದು ನಿಂತರೂ ಟಿಕೆಟ್ ತೆಗೆಯಬೇಕೆಂಬ ನೆನಪು ಅಪ್ಪನಿಗೆ ಬರಲಿಲ್ಲ. ಮೂರೂ ಟಿಕೆಟ್ ನಾನೇ ತೆಗೆದೆ.